ಸೈಬರ್ ವಿಮೆಯ ರೇಟು ಯಾವ ಲೆಕ್ಕದ್ದು? ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ. ನೀವು ರಾಜ್ಯಸಭೆಗೆ ಹೋಗಿದ್ದು ಕರ್ನಾಟಕದಿಂದ. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ನಾನು ಮಲೆನಾಡಿನ ಒಂದು ಸಣ್ಣ ಸೌಹಾರ್ದ ಸಹಕಾರಿಯ ನಿರ್ದೇಶಕ.

ಈ ವರ್ಷ ಸೈಬರ್ ವಿಮೆ, ಅಂದರೆ ಕಂಪ್ಯೂಟರ್ ದಾಳಿಯ ನಷ್ಟಕ್ಕೆ ವಿಮೆ, ಮಾಡಿಸೋಣ ಅಂತ ಹೊರಟೆವು. ಎರಡು ಕಂಪನಿಗಳಿಂದ ಕೊಟೇಶನ್ ಬಂತು. ವಿಮಾ ಮೊತ್ತ ಒಂದೇ. ಪ್ರೀಮಿಯಂ ಮಾತ್ರ ಒಂದರದ್ದು ಇನ್ನೊಂದರ ಎರಡು ಪಟ್ಟಿಗೂ ಜಾಸ್ತಿ! ವಹಿವಾಟು ಎಷ್ಟು, ಕಂಪ್ಯೂಟರ್ ಎಷ್ಟು ಅಂತ ಇಬ್ಬರೂ ಕೇಳಿದರು. ಬ್ಯಾಕಪ್ ಇದೆಯಾ ಅನ್ನೋದಕ್ಕೆ ಟಿಕ್ ಹಾಕಿಸಿಕೊಂಡರು. ಬಂದು ನೋಡಿದವರು ಯಾರೂ ಇಲ್ಲ.

ನಮ್ಮ ಅಡಿಕೆ ಗೋದಾಮಿಗೆ ಬೆಂಕಿ ವಿಮೆ ಮಾಡಿಸುವಾಗ ಹೀಗಿರಲಿಲ್ಲ. ಒಬ್ಬರು ಬಂದು ವೈರಿಂಗ್ ನೋಡಿದ್ದರು, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡಿದ್ದರು. ಬೆಂಕಿಯ ನಷ್ಟಕ್ಕೆ ತಲೆಮಾರುಗಳ ಲೆಕ್ಕ ಇದೆ. ಕಂಪ್ಯೂಟರಿಗೆ ಕನ್ನ ಹಾಕುವವರು ವರ್ಷಕ್ಕೊಂದು ದಾರಿ ಹಿಡಿಯುತ್ತಾರೆ. ಹಳೇ ಲೆಕ್ಕ ಕೆಲಸಕ್ಕೆ ಬರಲ್ಲ, ಹೊಸದು ಕೈಗೆ ಸಿಗಲ್ಲ. ಹಾಗಾಗಿ ಕಂಪನಿಗಳು ಭಯಕ್ಕೆ ಒಂದಿಷ್ಟು ಸೇರಿಸಿ ರೇಟು ಹೇಳುತ್ತವೆ.

ಆ ಭಯ ಸುಳ್ಳೇನಲ್ಲ. ಸಾಗರದ ಗೋದಾಮಿಗೆ ಬೆಂಕಿ ಬಿದ್ದರೆ ಶಿರಸಿಯದ್ದು ಉರಿಯುವುದಿಲ್ಲ. ಸೈಬರ್ ದಾಳಿ ಹಾಗಲ್ಲ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ) ದಾಳಿಯಾಯಿತು. ಯುಪಿಐಯಂಥ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದನ್ನು ತನ್ನ ಜಾಲದಿಂದ ಬೇರೆ ಮಾಡಿತು. ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಒಟ್ಟಿಗೇ ನಿಂತಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳೇ ಎಲ್ಲ. ಅವೆಲ್ಲ ಒಂದೇ ವಿಮಾ ಕಂಪನಿಯ ಗಿರಾಕಿಗಳಾಗಿದ್ದರೆ? ಹತ್ತು ಜನರ ಪ್ರೀಮಿಯಂನಲ್ಲಿ ಒಬ್ಬನ ನಷ್ಟ ತುಂಬುವುದು ವಿಮೆ. ಹತ್ತೂ ಜನ ಒಂದೇ ದಿನ ಬಾಗಿಲಿಗೆ ಬಂದರೆ ಕೊಡೋದೆಲ್ಲಿಂದ?

ನಮ್ಮ ಸಾಫ್ಟ್‌ವೇರೂ ಬಾಡಿಗೆಯದ್ದೇ. ಅದನ್ನು ಕೊಟ್ಟವರ ಕಡೆ ತೊಂದರೆಯಾಗಿ ನಮ್ಮ ಕೆಲಸ ನಿಂತರೆ ಪರಿಹಾರ ಇಲ್ಲವಂತೆ, ಬೇಕಿದ್ದರೆ ಬೇರೆ ದುಡ್ಡಂತೆ. ನಮಗೆ ಹೆಚ್ಚು ಹೆದರಿಕೆ ಇರೋದೇ ಅದರದ್ದು, ಅಲ್ವಾ?

ಜಿಎಸ್‌ಟಿ ತೆಗೆಯಿರಿ ಅಂತ ಕೇಳುತ್ತಿಲ್ಲ. 18 ಪರ್ಸೆಂಟ್ ಹೋದರೂ ತಪ್ಪು ರೇಟು ತಪ್ಪು ರೇಟೇ. ನಾನು ಕೇಳೋದು ಲೆಕ್ಕ. ದಾಳಿಯಾದರೆ ಆರು ಗಂಟೆಯೊಳಗೆ, ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರಲ್ಲೇ ಆದೇಶ ಆಗಿದೆ. ಅದು ನಿಮ್ಮ ಖಾತೆಯಲ್ಲ, ಗೊತ್ತು. ಆದರೆ ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ ನಿಮ್ಮ ಸಚಿವಾಲಯದ ಕೆಳಗಿದೆ. ಎಷ್ಟು ಕ್ಲೇಮು ಬಂತು, ಎಷ್ಟು ಕೊಟ್ಟರು, ಯಾವ ಕಾರಣಕ್ಕೆ ತಳ್ಳಿಹಾಕಿದರು ಅನ್ನೋದನ್ನು ಸೈಬರ್ ವಿಮೆಗೇ ಬೇರೆಯಾಗಿ ಪ್ರಕಟಿಸಲು ಹೇಳಿ. ಸರ್ಟ್-ಇನ್ ಮಾಹಿತಿಯನ್ನೂ ಹೆಸರು ತೆಗೆದು ಅದರ ಜೊತೆಗಿಡಿ. ಆಗ ಬ್ಯಾಕಪ್ ಸರಿಯಾಗಿ ಇಟ್ಟವನಿಗೆ ಎಷ್ಟು ಕಡಿಮೆ ಮಾಡಬಹುದು ಅಂತ ಕಂಪನಿಗಳಿಗೂ ತಿಳಿಯುತ್ತದೆ.

ಎಲ್ಲರೂ ಒಟ್ಟಿಗೆ ಬೀಳುವ ದಿನಕ್ಕೆ ಬೇರೆ ವ್ಯವಸ್ಥೆ ಬೇಕು. ಅದು ನಮಗೆ ಹೊಸದಲ್ಲ. 2001ರಲ್ಲಿ ಅಮೆರಿಕದ ಅವಳಿ ಗೋಪುರ ಬಿದ್ದ ಮೇಲೆ ಭಯೋತ್ಪಾದನೆಯ ವಿಮೆಯಿಂದ ಮರುವಿಮೆಯವರು, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವವರು, ಹಿಂದೆ ಸರಿದರು. 2002ರಲ್ಲಿ ನಮ್ಮ ವಿಮಾ ಕಂಪನಿಗಳೇ ಸೇರಿ, ನಷ್ಟ ಹಂಚಿಕೊಳ್ಳಲು ಒಂದು ಪೂಲ್ ಕಟ್ಟಿದವು. ಅದನ್ನು ಸರ್ಕಾರಿ ಮರುವಿಮಾ ಕಂಪನಿ ಜಿಐಸಿ ನೋಡಿಕೊಳ್ಳುತ್ತದೆ. ಸೈಬರ್‌ಗೂ ಅಂಥದ್ದೊಂದು ಯಾಕಾಗಬಾರದು?

ಸೆಪ್ಟೆಂಬರಿನಲ್ಲಿ ನಮ್ಮ ವಾರ್ಷಿಕ ಮಹಾಸಭೆ. ಈ ಖರ್ಚು ಇಷ್ಟ್ಯಾಕೆ ಅಂತ ಸದಸ್ಯರು ಕೇಳೇ ಕೇಳುತ್ತಾರೆ. ಸದ್ಯಕ್ಕೆ ಎರಡೂ ಕೊಟೇಶನ್ ಓದಿ ಹೇಳುವುದಷ್ಟೇ ನನಗೆ ಸಾಧ್ಯ.

ಇಂತಿ,
ಒಬ್ಬ ಸಹಕಾರಿ ನಿರ್ದೇಶಕ