ಅಪ್ಪಿಗೆ, ಕ್ಯಾಮೆರಾ ಹಿಡ್ಕೊಂಡು ತೋಟಕ್ಕೆ ಇಳಿಯೋ ಮುಂಚೆ

ಅಪ್ಪಿ,

ಹೊಸ ಕ್ಯಾಮೆರಾ ತಗೊಂಡ್ಯಂತೆ, ನಿನ್ನಮ್ಮ ಫೋನಲ್ಲಿ ಹೇಳಿದ್ಲು, ಆ ಉದ್ದನೆ ಲೆನ್ಸಿಗೆ ಇಎಂಐ ಬೇರೆ ಕಟ್ತಾನೆ ಅಂತ ಗೊಣಗಿದ್ಲು, ಅದು ನಿಮ್ಮಿಬ್ರ ವಿಷ್ಯ, ನಾನು ತಲೆ ಹಾಕಲ್ಲ. ದೀಪಾವಳಿಗೆ ಬಂದು ಒಂದಿಷ್ಟು ದಿನ ಇಲ್ಲಿಂದ್ಲೇ ಆಫೀಸ್ ಕೆಲ್ಸ ಮಾಡ್ತೀನಿ, ಬೆಳಿಗ್ಗೆ ಸಂಜೆ ತೋಟದಲ್ಲಿ ಪ್ರಾಕ್ಟೀಸ್ ಮಾಡ್ಕೊಂಡು ಆಮೇಲೆ ಕಬಿನಿಗೆ ಹೋಗಿ ಕರಿಚಿರತೆ ತೆಗೀತೀನಿ ಅಂದ್ಯಂತೆ. ಹೋಗು, ಬೇಡ ಅನ್ನಲ್ಲ. ಆದ್ರೆ ತೋಟ ಅಂದ್ರೆ ಬರೀ ಪ್ರಾಕ್ಟೀಸಿಗೆ ಅನ್ನೋ ಮಾತು ಕೇಳಿ ನಂಗೆ ಸ್ವಲ್ಪ ಕಿರಿಕಿರಿ ಆಯ್ತು, ಅದಕ್ಕೇ ಇಷ್ಟುದ್ದ ಬರೀತಿರೋದು. ವಾಟ್ಸಾಪಲ್ಲಿ ಟೈಪ್ ಮಾಡ್ತಿದೀನಿ, ಒತ್ತು ದೀರ್ಘ ತಪ್ಪಿದ್ರೆ ಹೊಂದಿಸ್ಕೊಂಡು ಓದು.

ಸಫಾರಿ ಜೀಪಲ್ಲಿ ಡ್ರೈವರ್ ನಿಲ್ಸಿದ ಕಡೆಯಿಂದ, ಅವ್ನು ನಿಲ್ಸಿದಷ್ಟು ಹೊತ್ತು ತೆಗೀಬೇಕು, ಜೀಪಲ್ಲಿ ಇದ್ದವ್ರಿಗೆಲ್ಲ ಅದೇ ಫೋಟೋ ಸಿಗೋದು. ಇಲ್ಲಿ ಹಂಗಲ್ಲ. ಇಲ್ಲಿನ ಹಕ್ಕಿಗೆ, ಅಳಿಲಿಗೆ ನಮ್ಮ ಮನೆಯವ್ರು, ದನ, ಕೆಲ್ಸಕ್ಕೆ ಬರೋರು ಎಲ್ಲಾ ಗುರುತು. ನಾವು ಹುಲ್ಲು ಕೊಯ್ತಾ ಇದ್ರೆ ಕಾಜಾಣ ಓಡಲ್ಲ, ಹತ್ರಾನೇ ಬರುತ್ತೆ, ಯಾಕಂದ್ರೆ ಹುಲ್ಲು ಅಲ್ಲಾಡಿದ್ರೆ ಹುಳ ಏಳುತ್ತೆ. ಕಳೆ ಹೊಡೆಯೋ ಮಿಷನ್ ಸದ್ದಿಗೆ ಹಕ್ಕಿ ಎಲ್ಲಾ ಹಾರಿ ಹೋಗುತ್ತೆ ಅಂದ್ಕೊಂಡಿದ್ಯೇನೋ, ಒಂದಿನ ಸುಮ್ನೆ ನೋಡು, ಮಿಷನ್ ಮುಂದೆ ಹೋದಂಗೆ ಹಿಂದಿನ ಕಂಬದ ಮೇಲೆ ಬಂದು ಕೂತಿರುತ್ತೆ. ಮಳೆಗಾಲದಲ್ಲಿ ಗದ್ದೆಗೆ ಟಿಲ್ಲರ್ ಇಳಿದ್ರೆ ಬೆಳ್ಳಕ್ಕಿ ಸಾಲಾಗಿ ಹಿಂದೆ. ಅದೇ ನೀನು ಹಸಿರು ಚುಕ್ಕೆ ಚುಕ್ಕೆ ಮಿಲಿಟ್ರಿ ಬಟ್ಟೆ ಹಾಕ್ಕೊಂಡು ಬಗ್ಗಿ ಬಗ್ಗಿ ಹತ್ರ ಹೋದ್ರೆ ಎಲ್ಲಾ ಪರಾರಿ, ಬಗ್ಗಿ ನೇರ ಬರೋನು ಹಿಡಿಯೋಕೆ ಬರೋನು ಅಂತ ಅವಕ್ಕೆ ಗೊತ್ತು. ಪ್ರಾಣಿ ಹಿಂದೆ ಹೋಗ್ಬೇಡ, ಕೆಲ್ಸದ ಹಿಂದೆ ಹೋಗು, ನಾನು ಹೇಳೋದು ಇಷ್ಟೇ. ಹಳೇ ಲುಂಗಿ ಉಟ್ಕೊ, ದೊಡ್ಡಪ್ಪನ ಹಾಳೆಟೊಪ್ಪಿ ಹಾಕ್ಕೊ, ಎಲ್ಲಿ ಕೆಲ್ಸ ನಡೀತಿದ್ಯೋ ಅಲ್ಲಿ ಒಂದು ಕಡೆ ಕೂತ್ಕೊ. ಮಿಷನ್ನಿಂದ ಮಾತ್ರ ದೂರ ಇರು, ಕಲ್ಲು ಸಿಡಿಯುತ್ತೆ.

ಇನ್ನು ಬೆಳಕು. ಅಡಿಕೆ ತೋಟದ ಒಳಗೆ ಕತ್ತಲೆ ಜಾಸ್ತಿ ಮಾರಾಯ, ಕಣ್ಣಿಗೆ ಅಷ್ಟು ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಮಧ್ಯಾಹ್ನ ಸೋಗೆ ಸಂದಿಯಿಂದ ಬಿಸಿಲು ತುಣುಕು ತುಣುಕಾಗಿ ಬೀಳುತ್ತೆ, ಆಗ ತೆಗ್ದ್ರೆ ಹಕ್ಕಿ ಅರ್ಧ ಬಿಳಿ ಅರ್ಧ ಕಪ್ಪು. ಬೆಳಿಗ್ಗೆ ಬಿಸಿಲು ಓರೆಯಾಗಿ ಮರದ ಕಾಂಡಕ್ಕೆ ಬೀಳೋ ಹೊತ್ತು ಸ್ವಲ್ಪಾನೇ, ಅದನ್ನ ಬಿಡ್ಬೇಡ, ಆಫೀಸ್ ಮೀಟಿಂಗು ಆಮೇಲಿಟ್ಕೊ. ಮೋಡ ಇದ್ರೆ ಬೇಜಾರ್ ಮಾಡ್ಕೋಬೇಡ, ತೋಟದ ಒಳಗೆ ಮೋಡದ ದಿನಾನೇ ಒಳ್ಳೇದು. ಐಎಸ್ಒ, ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಲೆಕ್ಕ, 1600, 3200 ಅಂತ ಏರ್ಸೋಕೆ ಹೆದರ್ಬೇಡ, ಕಾಳು ಕಾಳು ಬಂದ ಫೋಟೋ ಪರವಾಗಿಲ್ಲ, ಅಲ್ಲಾಡಿದ ಫೋಟೋ ಸರಿ ಮಾಡೋಕಾಗಲ್ಲ. ಕಾಜಾಣ ಕಪ್ಪು, ಹಿಂದೆ ಆಕಾಶ ಇದ್ರೆ ಎಕ್ಸ್‌ಪೋಶರ್ ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಎರಡರಷ್ಟು ಬೆಳಕು ಕೊಡು, ಇಲ್ಲಾಂದ್ರೆ ಮಸಿ ಬಳಿದಂಗೆ ಕಾಣುತ್ತೆ. ಹಸಿರು ಗದ್ದೇಲಿ ಬೆಳ್ಳಕ್ಕಿ ಆದ್ರೆ ಒಂದು ಸ್ಟಾಪ್ ಕಮ್ಮಿ, ಇಲ್ಲಾಂದ್ರೆ ಗರಿ ಒಂದೂ ಕಾಣಲ್ಲ. ಇದೆಲ್ಲ ನಿಂಗೆ ಯೂಟ್ಯೂಬಲ್ಲಿ ಸಿಗುತ್ತೆ, ನಾನು ರೀಲ್ ಕಾಲದವಳು, 36 ಫ್ರೇಮಿಗೆ ದುಡ್ಡು ಕೊಟ್ಟು ಸಾಗರಕ್ಕೆ ಡೆವಲಪ್ಪಿಗೆ ಕಳಿಸ್ತಿದ್ದವಳು, ಅದಕ್ಕೇ ಒತ್ತೋ ಮುಂಚೆ ಯೋಚ್ನೆ ಮಾಡೋ ಅಭ್ಯಾಸ. ಪೆರುಮಾಳ್ ಅವ್ರು, ಹನುಮಂತ ರಾವ್ ಅವ್ರು, ಸಂಡೂರಿನ ಘೋರ್ಪಡೆಯವ್ರು, ಅಂಥ ದೊಡ್ಡ ವನ್ಯಜೀವಿ ಫೋಟೋಗ್ರಾಫರ್‌ಗಳೆಲ್ಲಾ ಆ ರೀಲಲ್ಲೇ ತೆಗ್ದಿದ್ದು. ನೀನು ಒಂದು ಪಿಕಳಾರಕ್ಕೆ ಟರ್ರ್ ಅಂತ ನೂರು ಒತ್ತಿ ಆಮೇಲೆ ಯಾವ್ದು ಇಟ್ಕೊಳ್ಳೋದು ಅಂತ ರಾತ್ರಿ ಎಲ್ಲಾ ಕೂರ್ತೀಯ, ಅದಕ್ಕೆ ಹೇಳ್ದೆ.

ಹಾರುವ ಓತಿ ನೋಡಿದ್ಯಾ ನೀನು? ಚಿಕ್ಕವನಿದ್ದಾಗ ತೋರ್ಸಿದ್ದೆ, ಮರ್ತಿರ್ತೀಯ. ಜನ ಅದನ್ನ ನೋಡೋಕೆ ದೂರದಿಂದ ದುಡ್ಡು ಖರ್ಚು ಮಾಡ್ಕೊಂಡು ಬರ್ತಾರೆ, ನಮ್ಮ ಕೆಳಗಿನ ತೋಟದಲ್ಲಿ ಅದಕ್ಕೆ ಬೆಲೇನೇ ಇಲ್ಲ. ಸುಮ್ನೆ ನೋಡಿದ್ರೆ ಕಾಣಲ್ಲ, ಅಡಿಕೆ ಕಾಂಡದ ಮೇಲೆ ಬೂದು ಬಿಳಿ ಕಲ್ಲುಹೂವಿನ ಕಲೆ ಇರುತ್ತಲ್ಲ, ಅದ್ರದ್ದೇ ಬಣ್ಣ. ಕಾಂಡದ ಮೇಲೆ ಇರುವೆ ಸಾಲು ಎಲ್ಲಿದೆ ಅಂತ ಮೊದ್ಲು ನೋಡು, ಅದು ತಿನ್ನೋದು ಇರುವೆನೇ. ಬಿಸಿಲು ಬಿದ್ದ ಮೇಲೆ ಗಂಡು ಗಂಟಲ ಕೆಳಗಿನ ಹಳದಿ ಚರ್ಮಾನ ಮುಂದಕ್ಕೆ ಚಾಚಿ ಚಾಚಿ ಒಳಗೆ ಎಳ್ಕೊಳ್ಳುತ್ತೆ, ನಿಂಬೆಹಣ್ಣಿನ ಹಳದಿ, ಆ ಹಳದಿ ಮಿಂಚಿದ್ರೇನೇ ಓತಿ ಇದೆ ಅಂತ ಗೊತ್ತಾಗೋದು. ನೀನು ಮುಂದೆ ಹೋದ್ರೆ ಅದು ಕಾಂಡದ ಹಿಂದೆ ಹೋಗುತ್ತೆ, ನೀನು ಸುತ್ತಿದ್ರೆ ಅದೂ ಸುತ್ತುತ್ತೆ, ಹಿಂಗೇ ಬೆಳಿಗ್ಗೆ ಕಳೆಯುತ್ತೆ. ನೀನು ಸುತ್ತಬೇಡ, ಪಕ್ಕದ ಮರಕ್ಕೆ ಒರಗಿ ನಿಂತ್ಕೊ, ತಂಗೀನ ಕರ್ಕೊಂಡು ಹೋಗಿದ್ರೆ ಅವ್ಳನ್ನ ಆ ಕಡೆ ದೂರದಲ್ಲಿ ನಿಲ್ಸು, ಅವ್ಳನ್ನ ನೋಡಿ ಅದು ನಿನ್ನ ಕಡೆಗೆ ಬರುತ್ತೆ. ಹಾರೋದು ಅಂದ್ರೆ ರೆಕ್ಕೆ ಬಡಿಯೋದಲ್ಲ, ಪಕ್ಕೆಲುಬು ಅಗಲ ಮಾಡಿ ಚರ್ಮ ಬಿಚ್ಚಿ ತೇಲೋದು, ಯಾವಾಗ್ಲೂ ಮೇಲಿಂದ ಕೆಳಕ್ಕೆ, ಆಮೇಲೆ ಆ ಮರ ಹತ್ತೋದು. ಹಾಗಾಗಿ ಎದ್ದ ಮೇಲೆ ಹಿಡೀತೀನಿ ಅಂದ್ರೆ ಆಗಲ್ಲ. ತಲೆ ಯಾವ ಮರದ ಕಡೆ ತಿರುಗಿದೆ ನೋಡಿ, ಆ ಮರದ ಅರ್ಧಕ್ಕಿಂತ ಕೆಳಗೆ ಮೊದ್ಲೇ ಫೋಕಸ್ ಮಾಡಿಟ್ಕೊ, ಶಟರ್ 1/2000 ಸೆಕೆಂಡ್ ಸಿಕ್ಕಿದ್ರೆ ಒಳ್ಳೇದು, ಬೆಳಕು ಸಾಲದಿದ್ರೆ ಕೂತಿದ್ದೇ ತೆಗಿ, ಏನೂ ನಷ್ಟ ಇಲ್ಲ. ಹಾರ್ಲಿ ಅಂತ ಕೋಲಲ್ಲಿ ಮರ ಬಡಿಯೋರನ್ನ ನೋಡಿದೀನಿ, ನಮ್ಮ ತೋಟದಲ್ಲಿ ಅದು ನಡಿಯಲ್ಲ. ಹೆಣ್ಣು ಮೊಟ್ಟೆ ಇಡೋಕೆ ಮಾತ್ರ ನೆಲಕ್ಕೆ ಇಳಿಯುತ್ತೆ, ಹಂಗೇನಾದ್ರೂ ಕಂಡ್ರೆ ದೂರ ಸರಿದು ಬಿಡು.

ಗೂಡಿನ ವಿಷ್ಯ ಒಂದೇ ಮಾತು, ಎಲೆ ಸರಿಸ್ಬೇಡ, ಕೊಂಬೆ ಕಟ್ ಮಾಡ್ಬೇಡ. ಆ ಎಲೆ ಮರಿಗೆ ನೆರಳು, ಕಾಗೆ ಕೆಂಬೂತದ ಕಣ್ಣಿಂದ ಮರೆ. ಫೋನಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದೂ ಬೇಡ, ಪಾಪ ಅದು ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂದ್ಕೊಂಡು ಊಟ ಬಿಟ್ಟು ಜಗಳಕ್ಕೆ ಬರುತ್ತೆ.

ನೀನು ಕೆಂದಳಿಲು ನೋಡಿ ಎಷ್ಟು ಕ್ಯೂಟ್ ಅಂತೀಯ, ನಂಗೆ ಅದು ತೂತು ಮಾಡಿ ಬೀಳ್ಸಿದ ತೆಂಗಿನಕಾಯಿ ಲೆಕ್ಕ. ಮಂಗ ಎಳೆ ಅಡಿಕೆ ಕಿತ್ತು ಚೆಲ್ಲುತ್ತೆ, ಕಾಟಿ, ಅಂದ್ರೆ ಕಾಡುಕೋಣ, ಸಸಿ ಮುರಿಯುತ್ತೆ, ಹಂದಿ ರಾತ್ರಿ ಬಂದು ಗದ್ದೆ ಅಗೆದು ಹೋಗುತ್ತೆ. ಅದ್ರದ್ದೂ ಫೋಟೋ ತೆಗಿ. ಅಳಿಲು ತೆಗ್ದ ಮೇಲೆ ಕೆಳಗೆ ಬಗ್ಗಿ ಆ ತೂತಾದ ಕಾಯಿನೂ ತೆಗಿ, ಎರಡೂ ಪಕ್ಕ ಪಕ್ಕ ಇಟ್ರೆ ಆಗ ಅದು ನಮ್ಮನೆ ತೋಟದ ಫೋಟೋ ಆಗುತ್ತೆ. ಫೋಟೋಕ್ಕೆ ಅಂತ ಮಂಗಕ್ಕೆ ಬಾಳೆಹಣ್ಣು ಹಾಕಿದ್ಯೋ, ನೀನು ಬೆಂಗಳೂರಿಗೆ ಹೋದ ಮೇಲೆ ಅದು ಅಡುಗೆಮನೆ ಕಿಟಕಿಗೆ ಬಂದು ಕೂರುತ್ತೆ, ಓಡ್ಸೋಕೆ ನೀನು ಬರ್ತೀಯಾ?

ಇದಕ್ಕೆ ಸೇರಿದ್ದೇ ಇನ್ನೊಂದು, ಇದು ತಮಾಷೆ ಅಲ್ಲ, ಸರಿಯಾಗಿ ಓದು. ಡಿಸೆಂಬರಿಂದ ಮೇ ತನಕ ನಮ್ಮ ಕಡೆ ಮಂಗನ ಕಾಯಿಲೆ ಕಾಲ. 1957ರಲ್ಲಿ ಇದು ಮೊದ್ಲು ಗೊತ್ತಾಗಿದ್ದೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 2018-19ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡಲ್ಲಿ ಎಷ್ಟು ಜನ ಹೋದ್ರು ಅಂತ ನಿನ್ನಪ್ಪನ್ನ ಕೇಳು. ಉಣುಗು, ಅಂದ್ರೆ ಉಣ್ಣೆ ಹುಳ, ಕಚ್ಚಿ ಬರೋದು, ಒಣ ತರಗೆಲೇಲಿ ಇರುತ್ತೆ, ಫೋಟೋ ತೆಗ್ಯೋರು ಮಲಗೋದೂ ಆ ತರಗೆಲೆ ಮೇಲೇನೇ. ಪ್ರಾಣಿ ಕಣ್ಣಿನ ಮಟ್ಟಕ್ಕೆ ಇಳಿದು ತೆಗೀಬೇಕು ಅನ್ನೋದು ಸರಿ, ಆದ್ರೆ ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟದಲ್ಲಿ ಆ ತಿಂಗಳಲ್ಲಿ ಮಾತ್ರ ನೆಲಕ್ಕೆ ಕೂರೋದು ಮಲಗೋದು ಬೇಡ, ಬೇಕಾದ್ರೆ ಅಂಗಳದಲ್ಲಿ ಮಲ್ಕೊಂಡು ಕೋಳಿ ತೆಗಿ. ಉಣುಗು ಹತ್ತದಂಗೆ ಆರೋಗ್ಯ ಇಲಾಖೆಯೋರು ಕೊಡೋ ಡೇಪಾ ಎಣ್ಣೆ ಕೈ ಕಾಲಿಗೆ ಹಚ್ಕೊ, ಪ್ಯಾಂಟು ಸಾಕ್ಸ್ ಒಳಗೆ ಹಾಕ್ಕೊ, ಬಂದ ಕೂಡ್ಲೆ ಬಿಸಿನೀರು ಸ್ನಾನ, ಬಟ್ಟೆನೂ ಬಿಸಿನೀರಿಗೇ. ಸತ್ತ ಮಂಗ ಕಂಡ್ರೆ ಹತ್ರಾನೂ ಹೋಗ್ಬೇಡ, ಕ್ಲೋಸಪ್ಪು ಗೀಸಪ್ಪು ಏನೂ ಬೇಡ, ಅದ್ರ ಮೈಮೇಲಿದ್ದ ಉಣುಗೆಲ್ಲ ಇಳಿದು ಅಲ್ಲೇ ಸುತ್ತಮುತ್ತ ಇರುತ್ತೆ. ಮನೇಲಿ ಹೇಳು, ನಾವು ಪಿಎಚ್‌ಸಿಗೆ ಫೋನ್ ಮಾಡ್ತೀವಿ. ಎರಡು ದಿನ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ನುಂಗಿ ಬೆಂಗಳೂರ್ ಬಸ್ ಹತ್ಬೇಡ, ಇಲ್ಲೇ ತೋರ್ಸು.

ಮಳೆಗಾಲಕ್ಕೂ ಒಂದ್ಸಲ ರಜೆ ಹಾಕ್ಕೊಂಡು ಬಾ. ಕೆರೆ ಮೇಲೆ ಬಗ್ಗಿರೋ ಗಿಡದ ಎಲೇಲಿ ಹಸಿರು ಮರಗಪ್ಪೆ ನೊರೆ ಗೂಡು ಕಟ್ಟುತ್ತೆ, ಮೊಟ್ಟೆ ಒಡೆದು ಮರಿ ಸೀದಾ ನೀರಿಗೆ ಬೀಳುತ್ತೆ. ರಾತ್ರಿ ಹೋಗ್ಬೇಕು, ಇಂಬಳಕ್ಕೆ, ಅಂದ್ರೆ ಜಿಗಣೆಗೆ, ಸುಣ್ಣ ಹೊಗೆಸೊಪ್ಪು ಹಚ್ಕೊಂಡು ಹೋಗು, ಆದ್ರೆ ಅದೇ ಕೈಯಲ್ಲಿ ಕಪ್ಪೆ ಮುಟ್ಬೇಡ, ಅದು ಚರ್ಮದಲ್ಲೇ ನೀರು ಗಾಳಿ ಎಳ್ಕೊಳ್ಳೋದು, ನಮ್ಮ ಕೈಯಲ್ಲಿರೋ ಖಾರ ಅದ್ರ ಮೈಗೆ ಹೋಗುತ್ತೆ. ಮುಟ್ಟದೇ ಇರೋದೇ ಒಳ್ಳೇದು ಬಿಡು. ಕ್ಯಾಮೆರಾ ಒರೆಸಿ ಬೀರುವಲ್ಲಿ ಬಟ್ಟೆ ಮಧ್ಯೆ ಇಟ್ರೆ ಲೆನ್ಸಿಗೆ ಬೂಷ್ಟು ಗ್ಯಾರಂಟಿ, ಚರ್ಮದ ಕವರಲ್ಲಿ ಇಟ್ರೆ ಇನ್ನೂ ಬೇಗ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರ್ಸೋ ಸಣ್ಣ ಮೀಟರು, ಶೇಕಡಾ 40ರಿಂದ 50 ಒಳಗಿದ್ರೆ ಸಾಕು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋ ದಿನ ತೋಟದೊಳಗೆ ಕ್ಯಾಮೆರಾ ಬಿಚ್ಲೇಬೇಡ, ಮೈಲುತುತ್ತ ಸುಣ್ಣ ಮೇಲಿಂದ ಮಳೆ ತರ ಉದುರುತ್ತೆ, ಗಾಜಿನ ಮೇಲೆ ಒಣಗಿದ್ರೆ ನಿನ್ನ ಇಎಂಐ ಕತೆ ಮುಗೀತು.

ಕೆಲ್ಸದವ್ರ ಫೋಟೋ. ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಮರದ ಮೇಲೆ ಒಂದು ಮರದಿಂದ ಇನ್ನೊಂದು ಮರಕ್ಕೆ ಬಗ್ಗಿಸ್ಕೊಂಡು ದಾಟ್ತಾನಲ್ಲ, ಅದು ಇನ್ನೆಷ್ಟು ವರ್ಷ ಇರುತ್ತೋ, ಈಗ ಎಲ್ಲಾ ಕಡೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೇ ನಿಂತು ಕೊಯ್ತಾರೆ, ಒಳ್ಳೇದೇ, ಬಿದ್ದು ಸೊಂಟ ಮುರ್ಕೊಂಡವ್ರನ್ನ ನಾವು ನೋಡಿದೀವಿ. ಎರಡನ್ನೂ ತೆಗಿ. ಆದ್ರೆ ಅವ್ನು ಮೇಲಿದ್ದಾಗ ಈ ಕಡೆ ನೋಡು ಅಂತ ಕೂಗ್ಬೇಡ, ಬೆಳಿಗ್ಗೆ ಚಾ ಕುಡಿಯುವಾಗ್ಲೇ ಕೇಳ್ಕೊ. ಸಂಜೆ ಮೆಟ್ಟುಕತ್ತಿ ಇಟ್ಕೊಂಡು ಅಡಿಕೆ ಸುಲಿಯೋ ಹೆಂಗಸ್ರ ಹತ್ರಾನೂ ಕೇಳ್ಬೇಕು, ಕೆಲವ್ರಿಗೆ ಇಷ್ಟ ಇರಲ್ಲ, ಕೆಲವ್ರಿಗೆ ಸೀರೆ ಬದ್ಲಾಯಿಸ್ಕೊಂಡು ಬರ್ಬೇಕು, ಬರ್ಲಿ ಬಿಡು. ಅಲ್ಲಿ ಎಲ್‌ಇಡಿ ಬಲ್ಬು, ಫೋಟೋದಲ್ಲಿ ಅಡ್ಡ ಪಟ್ಟೆ ಬಂದ್ರೆ ಶಟರ್ 1/50 ಅಥ್ವಾ 1/100ಕ್ಕೆ ಇಳ್ಸು, ಸರಿಹೋಗುತ್ತೆ. ಅಡಿಕೆ ಬೇಯಿಸೋ ಹಂಡೆ ಆವಿನ ಬೆಳಿಗ್ಗೆ ಬಿಸಿಲಿಗೆ ಎದುರಾಗಿ ನಿಂತು ತೆಗಿ, ಹಿಂದಿಂದ ಬೆಳಕು ಬಂದ್ರೆ ಮಾತ್ರ ಆವಿ ಆವಿ ಆಗಿ ಕಾಣೋದು. ತೆಗ್ದ ಮೇಲೆ ಪ್ರಿಂಟ್ ಹಾಕ್ಸಿ ಕೊಡು. ಇಲ್ಲಿಗೆ ಫೋಟೋ ತೆಗ್ಯೋಕೆ ಬಂದವ್ರು ಬಹಳ ಜನ, ಕೊಡೋಕೆ ವಾಪಸ್ ಬಂದವ್ರು ಯಾರೂ ಇಲ್ಲ. ಸುಲಿಯೋಕೆ ಬರೋ ಅಜ್ಜಿ ಮನೆ ಗೋಡೇಲಿ ಇರೋದು ವೋಟರ್ ಐಡಿ ದೊಡ್ಡದು ಮಾಡ್ಸಿದ ಫೋಟೋ ಒಂದೇ.

ಇನ್‌ಸ್ಟಾಗ್ರಾಂಗೆ ಹಾಕೋದು ನಿನ್ನಿಷ್ಟ, ಲೊಕೇಶನ್ ಆಫ್ ಮಾಡಿ ಹಾಕು, ಊರ ಹೆಸ್ರು ಬೇಡ. ಅದ್ರಲ್ಲೂ ಕಾಡುಪಾಪ, ಚಿಪ್ಪುಹಂದಿ ಸಿಕ್ಕಿದ್ರೆ ನಿನ್ನ ಫ್ರೆಂಡ್ಸಿಗೂ ಎಲ್ಲಿ ಅಂತ ಹೇಳ್ಬೇಡ, ಮಾಟ ಮಂತ್ರಕ್ಕೆ, ಚಿಪ್ಪಿಗೆ ಹಿಡಿಯೋರು ಇದಾರೆ. ಕಾಡುಪಾಪದ ಕಣ್ಣಿಗೆ ಫ್ಲಾಶ್ ಹೊಡೀಬೇಡ, ಆ ಕಣ್ಣು ಕತ್ತಲೆಗೆ ಅಂತಾನೇ ಇರೋದು. ಹಾವಂತೂ ಯಾವ್ದಾದ್ರೂ ಸರಿ, ಹಿಡ್ಸಿ, ಬಾಲ ಎಳ್ಸಿ, ಹೆಡೆ ಎತ್ತಿಸಿ ತೆಗ್ಯೋದು ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದಕ್ಕಿಂತ ಮೊದ್ಲು ಆಸ್ಪತ್ರೆ ದೂರ ಇದೆ ಅನ್ನೋದು ನೆನಪಿರ್ಲಿ.

ಫೋಟೋ ಚೆನ್ನಾಗಿ ಬರ್ದಿದ್ರೂ ಎಲ್ಲಾ ಡಿಲೀಟ್ ಮಾಡ್ಬೇಡ, ತಾರೀಖು ಸಮೇತ ಒಂದು ಫೋಲ್ಡರಲ್ಲಿ ಇಡು. ನವರಂಗ ಹಕ್ಕಿ ಮಳೆ ಮುಗಿದ ಮೇಲೆ ಉತ್ತರದಿಂದ ಬರುತ್ತೆ, ಹಿತ್ಲ ಹಲಸಿನ ಮರದ ಕೆಳಗೆ ತರಗೆಲೆ ಕೆದಕ್ತಿರುತ್ತೆ, ಈ ವರ್ಷ ಯಾವತ್ತು ಮೊದ್ಲು ಕಂಡಿತು, ಮುಂದಿನ ವರ್ಷ ಯಾವತ್ತು ಅಂತ ಗೊತ್ತಾಗೋಕೆ ಮಸುಕು ಫೋಟೋನೂ ಸಾಕು. ನಂಗೆ ಇದು ನಿನ್ನ ಚಿರತೆ ಫೋಟೋಕ್ಕಿಂತ ಹೆಚ್ಚು ಬೇಕು, ನಿಜವಾಗ್ಲೂ. ಅದನ್ನ ಬೇರೆ ಯಾರಾದ್ರೂ ತೆಗೀತಾರೆ, ನಮ್ಮ ಹಿತ್ಲಿಗೆ ನವರಂಗ ಬಂದ ದಿನಾನ ಬರ್ದಿಡೋಕೆ ಇನ್ಯಾರು ಬರ್ತಾರೆ ಹೇಳು.

ಗೋಪೂಜೆ ದಿನ ಮಲೆನಾಡು ಗಿಡ್ಡ ದನಕ್ಕೆಲ್ಲ ಸಿಂಗಾರ (ಅಡಿಕೆ ಹೂಗೊನೆ), ಅಡಿಕೆ, ಹೂವಿನ ಮಾಲೆ ಹಾಕಿ ಬಿಡ್ತೀವಲ್ಲ, ಅದು ಅರ್ಧ ಗಂಟೇಲಿ ಮುಗಿಯುತ್ತೆ, ಆಮೇಲೆ ಮಾಲೆ ಎಲ್ಲಾ ಒಂದಕ್ಕೊಂದು ತಿಂದು ಹಾಕಿರುತ್ತೆ, ಬ್ಯಾಟರಿ ರಾತ್ರಿನೇ ಚಾರ್ಜಿಗೆ ಹಾಕ್ಕೊ, ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಬರೋವಾಗ ಸಿಲಿಕಾ ಜೆಲ್ ಅರ್ಧ ಕೇಜಿ ತಗೊಂಡ್ಬಾ, ಇಲ್ಲಿ ಸಿಗಲ್ಲ, ನಂಗೂ ಸ್ವಲ್ಪ ಬೇಕು. ಹಬ್ಬ ಮುಗಿದ ಮಾರನೇ ದಿನಾನೇ ಕೆಳಗಿನ ತೋಟದ ಕೊಯ್ಲು, ಹಾಗಾಗಿ ರಾತ್ರಿ ಬಸ್ಸಿಗೆ ಹೊರಟು ಹಬ್ಬದ ಬೆಳಿಗ್ಗೆ ತೂಕಡಿಸ್ಕೊಂಡು ಬಂದ್ರೆ ಆಗಲ್ಲ, ಒಂದಿನ ಮುಂಚೆ ಬಾ. ಕೊನೆಗೌಡನ ಹತ್ರ ನಾನೇ ಕೇಳಿಟ್ಟಿರ್ತೀನಿ ಅಂದ್ಕೋಬೇಡ, ನೀನೇ ಕೇಳ್ಬೇಕು.

ದೊಡ್ಡಮ್ಮ