ಕೈ ನಡುಕವೆಲ್ಲ ಮಾತ್ರೆಯಿಂದಲೇ ಬಂದದ್ದಲ್ಲ

ಮಾನ್ಯ ಸಂಪಾದಕರೇ,

ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರ ಕೈ ನಡುಗತೊಡಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ಮೊದಲು ಕೇಳಿಬರುವ ಮಾತು ಒಂದೇ: 'ಮಾತ್ರೆಯ ಸೈಡ್ ಎಫೆಕ್ಟ್, ಬಿಡಿ.' ಬಹಳಷ್ಟು ಸಲ ಅದು ನಿಜವೂ ಹೌದು. ಹ್ಯಾಲೊಪೆರಿಡಾಲ್‌ನಂಥ ಭ್ರಮೆ ತಗ್ಗಿಸುವ ಔಷಧ ಶುರು ಮಾಡಿದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ ಕೈಕಾಲು ಬಿಗಿಯುವುದು, ನಡುಗುವುದು ಸಾಮಾನ್ಯ. ಆದರೆ ಕೆಲವು ಮನೆತನಗಳಲ್ಲಿ ಮನಸ್ಸಿನ ತೊಂದರೆಗೂ ಮೈಯ ನಡುಕಕ್ಕೂ ಕಾರಣ ಒಂದೇ ಜೀನ್. ಮನಸ್ಸು ಮೊದಲು ಕೆಡುತ್ತದೆ, ಮೈ ಆಮೇಲೆ. ಇಂಥವರನ್ನು ವರ್ಷಗಟ್ಟಲೆ ಬರೀ ಮನೋರೋಗಿಯೆಂದು ನೋಡಿದರೆ ಏನು ಕೈತಪ್ಪುತ್ತದೆ ಎಂಬುದನ್ನು ಓದುಗರಿಗೂ ತಾಲ್ಲೂಕು ಮಟ್ಟದ ವೈದ್ಯಮಿತ್ರರಿಗೂ ತಿಳಿಸಬೇಕಿದೆ.

ಮೊದಲು ವಿಲ್ಸನ್ ಕಾಯಿಲೆ. ಈ ಗುಂಪಿನಲ್ಲಿ ಒಳ್ಳೆಯ ಚಿಕಿತ್ಸೆ ಇರುವುದು ಇದಕ್ಕೇ, ಹಾಗಾಗಿ ತಡವಾದರೆ ಹೆಚ್ಚು ಹೊಟ್ಟೆ ಉರಿಯುವುದೂ ಇದಕ್ಕೇ. 13ನೇ ಕ್ರೋಮೋಸೋಮಿನ ಎಟಿಪಿ7ಬಿ ಎಂಬ ಜೀನ್ ಕೆಟ್ಟಾಗ ಲಿವರ್ ಹೆಚ್ಚುವರಿ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕಲಾರದು. ಅದು ಲಿವರಿನಲ್ಲಿ, ಆಮೇಲೆ ಮಿದುಳಿನಲ್ಲಿ ಶೇಖರವಾಗುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗನ ಅಂಕ ಇಳಿಯುತ್ತದೆ, ಅಕ್ಷರ ಸೊಟ್ಟಗಾಗುತ್ತದೆ, ಮುಂಗೋಪ ಬರುತ್ತದೆ, ಜೊಲ್ಲು ಸುರಿಯುತ್ತದೆ, ಕೆಲವರಿಗೆ ಭ್ರಮೆಯೂ ಹುಟ್ಟುತ್ತದೆ. ಇಂಥ ಹುಡುಗನಿಗೆ ಕಾರಣ ಹುಡುಕದೆ ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಮರಗಟ್ಟಿದಂತಾಗಬಹುದು. ಆಗಲೂ ದೂರು ಹೋಗುವುದು ಮಾತ್ರೆಯ ಮೇಲೆಯೇ.

ಪತ್ತೆ ಹಚ್ಚುವುದು ದುಬಾರಿಯಲ್ಲ. ಮಿದುಳಿಗೆ ತಾಮ್ರ ಮುಟ್ಟಿದವರಲ್ಲಿ ಬಹುತೇಕ ಎಲ್ಲರ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಉಂಗುರ ಇರುತ್ತದೆ. ನಮ್ಮವರ ಕಣ್ಣು ಕಡುಗಂದು ಬಣ್ಣದ್ದು, ಟಾರ್ಚ್ ಬಿಟ್ಟು ನೋಡಿದರೆ ಅದು ಕಾಣುವುದಿಲ್ಲ. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರಕ್ತದಲ್ಲಿ ತಾಮ್ರವನ್ನು ಹೊತ್ತೊಯ್ಯುವ ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನ್ 100 ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅನುಮಾನ, 10ಕ್ಕಿಂತ ಕೆಳಗಿದ್ದರೆ ಬಲವಾದ ಅನುಮಾನ. ಆದರೆ ಸೋಂಕು, ಬಸಿರು, ಗರ್ಭನಿರೋಧಕ ಮಾತ್ರೆ ಇದ್ದಾಗ ಈ ಅಂಕಿ ಸುಳ್ಳಾಗಿ ಏರಿ ನಾರ್ಮಲ್ ಎಂದು ತೋರಬಹುದು.

24 ಗಂಟೆಯ ಮೂತ್ರದಲ್ಲಿ ತಾಮ್ರ 100 ಮೈಕ್ರೋಗ್ರಾಂ ಮೀರಿದರೆ ಕಾಯಿಲೆಯ ಕಡೆಗೆ ತೂಕ ಬೀಳುತ್ತದೆ. ಎಡವಟ್ಟಾಗುವುದು ಸಂಗ್ರಹಿಸುವಾಗ. ಬೆಳಿಗ್ಗೆ ಎದ್ದೊಡನೆ ಮಾಡಿದ ಮೊದಲ ಮೂತ್ರವನ್ನು ಚೆಲ್ಲಿಬಿಡಬೇಕು. ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರವೂ ಸೇರಿದಂತೆ ಎಲ್ಲವೂ ಲ್ಯಾಬಿನವರು ಕೊಟ್ಟ ಪ್ಲಾಸ್ಟಿಕ್ ಕ್ಯಾನಿಗೇ ಹೋಗಬೇಕು. ನಡುವೆ ಒಂದು ಸಲ ಶೌಚಾಲಯಕ್ಕೆ ಹೋಗಿ ಬಿಟ್ಟುಬಂದರೂ ಅಂಕಿ ಇಳಿಯುತ್ತದೆ. ಲೋಹದ ಪಾತ್ರೆಯಲ್ಲಿ ಹಿಡಿದು ಸುರಿದರೆ ಸುಳ್ಳಾಗಿ ಏರಬಹುದು.

'ತಂದೆತಾಯಿ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ವಂಶದ ಕಾಯಿಲೆ ಹೇಗಾದೀತು?' ಎಂದು ಕೇಳುವವರಿದ್ದಾರೆ. ಕೆಟ್ಟ ಜೀನಿನ ಒಂದೊಂದು ಪ್ರತಿ ಮಾತ್ರ ಇರುವ ತಂದೆತಾಯಿಗೆ ಏನೂ ಆಗುವುದಿಲ್ಲ; ಇಬ್ಬರಿಂದಲೂ ಅದನ್ನೇ ಪಡೆದ ಮಗುವಿಗೆ ಕಾಯಿಲೆ. ಪ್ರತಿ ಬಸಿರಿನಲ್ಲೂ ಅದರ ಸಾಧ್ಯತೆ ಶೇ 25. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ರೂಢಿಯಲ್ಲಿ ಎರಡು ಕೆಟ್ಟ ಪ್ರತಿಗಳು ಒಂದೆಡೆ ಸೇರುವ ಸಂಭವ ಹೆಚ್ಚು. ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲೇ ಪ್ರಕಟಿಸಿದ್ದಾರೆ. ಇದು ಎಲ್ಲೋ ಹೊರದೇಶದ ಅಪರೂಪವಲ್ಲ. ಒಬ್ಬರಿಗೆ ಪತ್ತೆಯಾದರೆ ಒಡಹುಟ್ಟಿದವರೆಲ್ಲರಿಗೂ, ಆರೋಗ್ಯವಾಗಿ ಕಂಡರೂ ಸರಿ, ಪರೀಕ್ಷೆ ಆಗಲೇಬೇಕು.

ಇನ್ನು ಚಿಕಿತ್ಸೆ. ತಾಮ್ರವನ್ನು ಮೂತ್ರದ ಮೂಲಕ ಹೊರಹಾಕಿಸುವ ಪೆನಿಸಿಲಮಿನ್ ಮಾತ್ರೆಯನ್ನು ಕಡಿಮೆ ಡೋಸಿನಿಂದ ಶುರುಮಾಡಿ ನಿಧಾನಕ್ಕೆ ಏರಿಸಬೇಕು, ಜೊತೆಗೆ ಬಿ6 ವಿಟಮಿನ್ ಕೊಡಬೇಕು. ಅವಸರಪಟ್ಟರೆ ನಡುಕ, ಬಿಗಿತ ಜಾಸ್ತಿಯಾಗುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ನುಂಗಬೇಕು. ಜಿಂಕ್ ಕೂಡ ಬರೆದಿದ್ದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು. ದೊಡ್ಡ ಅಪಾಯ ಬರುವುದು ಎಲ್ಲ ಸರಿಹೋದ ಮೇಲೆ. 'ಹುಷಾರಾಗಿದ್ದಾನೆ, ಇನ್ನೇಕೆ ಮಾತ್ರೆ' ಎಂದು ನಿಲ್ಲಿಸಿದವರ ಲಿವರ್ ದಿಢೀರನೆ ಕೈಕೊಟ್ಟು ಜೀವಕ್ಕೇ ಕುತ್ತಾಗಬಹುದು. ಇದು ಜೀವನಪರ್ಯಂತದ ಚಿಕಿತ್ಸೆ. ಅಂದಹಾಗೆ, ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರು ಕುಡಿದರೆ ವಿಲ್ಸನ್ ಕಾಯಿಲೆ ಬರುವುದಿಲ್ಲ, ಆದರೆ ಕಾಯಿಲೆ ಇರುವವರು ಆ ನೀರು ಮುಟ್ಟಬಾರದು.

ಕೈಕಾಲು ತಾವಾಗಿಯೇ ಕುಣಿಯುವ ಹಂಟಿಂಗ್ಟನ್ ಕಾಯಿಲೆಯ ದಾರಿ ಬೇರೆ. 4ನೇ ಕ್ರೋಮೋಸೋಮಿನ ಒಂದು ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 26 ಸಲದವರೆಗೆ ತೊಂದರೆಯಿಲ್ಲ. 40 ಅಥವಾ ಹೆಚ್ಚಾದರೆ, ತಕ್ಕಷ್ಟು ಆಯುಸ್ಸಿದ್ದರೆ, ಕಾಯಿಲೆ ಬಂದೇ ಬರುತ್ತದೆ. 36ರಿಂದ 39 ಇದ್ದವರಿಗೆ ಬರಲೂಬಹುದು, ಬಾರದಿರಲೂಬಹುದು. ತಂದೆ ಅಥವಾ ತಾಯಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ. ರಕ್ತಸಂಬಂಧದ ಮದುವೆ ಇಲ್ಲಿ ಲೆಕ್ಕಕ್ಕೇ ಬರದು. ಹೆಚ್ಚಿನವರಲ್ಲಿ ಕೈಕಾಲಿನ ಕುಣಿತ ಶುರುವಾಗುವುದು 30ರಿಂದ 50ರ ವಯಸ್ಸಿನಲ್ಲಿ, ಅಷ್ಟರಲ್ಲಿ ಮಕ್ಕಳಾಗಿರುತ್ತವೆ. ಅದಕ್ಕೂ ವರ್ಷಗಳ ಮುಂಚೆಯೇ ಖಿನ್ನತೆ, ಸಿಡಿಮಿಡಿ, ಯಾವುದರಲ್ಲೂ ಆಸಕ್ತಿಯಿಲ್ಲದ ಜಡತೆ ಕಾಣಿಸಿಕೊಳ್ಳಬಹುದು. ಜಾರ್ಜ್ ಹಂಟಿಂಗ್ಟನ್ 1872ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗಲೇ ಅದು ವಂಶದಲ್ಲಿ ಹರಿಯುವುದನ್ನೂ ರೋಗಿಗಳು ಬುದ್ಧಿಭ್ರಮಣೆ, ಆತ್ಮಹತ್ಯೆಯತ್ತ ವಾಲುವುದನ್ನೂ ಒಟ್ಟಿಗೇ ಹೇಳಿದ್ದರು. ಒಂದೂವರೆ ಶತಮಾನದ ಮೇಲೂ ನಾವು ಅವೆರಡನ್ನು ಬೇರೆ ಬೇರೆ ಫೈಲಿನಲ್ಲಿಡುತ್ತೇವೆ.

ಮಾತ್ರೆಯ ಕುಣಿತವನ್ನೂ ಇದನ್ನೂ ಬೇರ್ಪಡಿಸಬಹುದು. ಬಹಳ ಕಾಲ ಮನೋರೋಗದ ಔಷಧ ತೆಗೆದುಕೊಂಡವರಲ್ಲಿ ಬರುವ ಚಲನೆ ಸಾಮಾನ್ಯವಾಗಿ ಬಾಯಿ, ನಾಲಿಗೆಯ ಸುತ್ತಲಿನದು, ಒಂದೇ ರೀತಿ ಮೆಲುಕು ಹಾಕಿದಂತೆ. ಹಂಟಿಂಗ್ಟನ್ನಿನದು ಮೈಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ, ಲಯವಿಲ್ಲ. ನಾಲಿಗೆಯನ್ನು ಹತ್ತು ಸೆಕೆಂಡು ಹೊರಚಾಚಿ ಹಿಡಿಯಲು ಹೇಳಿದರೆ ಪಟ್ಟನೆ ಒಳಗೆ ಹೋಗಿಬಿಡುತ್ತದೆ. ನಿಮ್ಮ ಎರಡು ಬೆರಳು ಹಿಡಿದು ಒತ್ತಲು ಹೇಳಿದರೆ ಹಿಡಿತ ಬಿಗಿ, ಸಡಿಲ, ಬಿಗಿ ಎಂದು ಹಾಲು ಕರೆದಂತೆ ಬದಲಾಗುತ್ತದೆ. ಯಾವ ಯಂತ್ರವೂ ಬೇಡದ ಪರೀಕ್ಷೆಗಳಿವು.

ಇನ್ನು ವಂಶವೃಕ್ಷ. 'ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ?' ಎಂದರೆ 'ಇಲ್ಲ' ಎಂಬ ಉತ್ತರವೇ ಬರುತ್ತದೆ, ಹೆಣ್ಣುಮಕ್ಕಳ ಮದುವೆ ಬಾಕಿಯಿದ್ದರಂತೂ ಖಂಡಿತ. ಕೇಳುವ ರೀತಿ ಬದಲಾಗಬೇಕು: ಯಾರಾದರೂ ಬಾವಿಗೆ ಬಿದ್ದು ಹೋದರೇ? ಮನೆ ಬಿಟ್ಟು ಹೋದವರಿದ್ದಾರೆಯೇ? ಕುಡಿಯದೆಯೂ ಕುಡಿದವರ ಹಾಗೆ ತೂರಾಡುತ್ತಿದ್ದರೇ? ಕೊನೆಕೊನೆಗೆ ಅನ್ನ ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತೇ? ಅಜ್ಜ-ಅಜ್ಜಿ, ಅವರ ಮಕ್ಕಳು, ಮೊಮ್ಮಕ್ಕಳು ಹೀಗೆ ಮೂರು ತಲೆಮಾರು ಒಂದು ಹಾಳೆಯಲ್ಲಿ ಬರೆದರೆ ಸಾಕು.

ಜೀನ್ ಪರೀಕ್ಷೆಯಲ್ಲೂ ದುಡ್ಡು ಪೋಲಾಗುವ ಎರಡು ಜಾಗಗಳಿವೆ. ಸಾವಿರಾರು ಜೀನ್‌ಗಳನ್ನು ಒಮ್ಮೆಗೇ ಓದುವ ಎಕ್ಸೋಮ್ ಪರೀಕ್ಷೆ ಸಿಎಜಿ ಎಣಿಕೆಯನ್ನು ನಂಬುವಂತೆ ಹೇಳುವುದಿಲ್ಲ. ಅದು ನಾರ್ಮಲ್ ಬಂದರೆ ಹಂಟಿಂಗ್ಟನ್ ಇಲ್ಲವೆಂದಲ್ಲ, ಅದಕ್ಕೆಂದೇ ಇರುವ ಪಿಸಿಆರ್ ಪರೀಕ್ಷೆಯನ್ನು ಕೇಳಬೇಕು. ಹಾಗೆಯೇ 22ನೇ ಕ್ರೋಮೋಸೋಮಿನ ಒಂದು ಸಣ್ಣ ಚೂರು ಕಳಚಿಹೋದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಬರುತ್ತದೆ. 50 ತುಂಬುವ ಮೊದಲೇ ಪಾರ್ಕಿನ್ಸನ್ ಬರುವ ಸಾಧ್ಯತೆಯೂ ಅವರಿಗೆ ಹೆಚ್ಚು. ಹುಟ್ಟಿನಿಂದ ಹೃದಯದ ದೋಷ, ಮೂಗಿನಿಂದ ಮಾತು, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ನೆನಪಾಗಬೇಕು. ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಈ ಚೂರು ಕಣ್ಣು ತಪ್ಪಿಸುತ್ತದೆ, ಮೈಕ್ರೋಅರೇ ಅಥವಾ ಫಿಶ್ (FISH) ಎಂಬ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಬೇಕು.

ಇದನ್ನು ಓದಿ ಯಾರೂ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಖಿನ್ನತೆ, ಸ್ಕಿಜೋಫ್ರೇನಿಯಾ ಇರುವ ಬಹುಪಾಲು ಮಂದಿಗೆ ಈ ಯಾವ ಕಾಯಿಲೆಯೂ ಇರುವುದಿಲ್ಲ. ಅವರಲ್ಲಿ ನೂರಾರು ಜೀನ್‌ಗಳ ಸಣ್ಣ ಸಣ್ಣ ಪಾಲು ಸೇರಿರುತ್ತದೆ, ಒಂದೇ ಪರೀಕ್ಷೆಯಿಂದ ಹೇಳಲಾಗದು. ಹಂಟಿಂಗ್ಟನ್ ಮನೆಯ ಆರೋಗ್ಯವಂತ ಮಕ್ಕಳಿಗೆ 18 ತುಂಬುವ ಮೊದಲು ಪರೀಕ್ಷೆ ಮಾಡಿಸಬಾರದು. ಆಮೇಲೂ ಅದು ಅವರದೇ ನಿರ್ಧಾರ, ಬೀಗರದ್ದಲ್ಲ. ಮೊದಲು ಆಪ್ತಸಮಾಲೋಚನೆ ಆಗಬೇಕು, ಫಲಿತಾಂಶವನ್ನು ಎದುರು ಕೂರಿಸಿಕೊಂಡು ಹೇಳಬೇಕು, ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಲ್ಲ. ಆತ್ಮಹತ್ಯೆಯ ಯೋಚನೆ ಹೆಚ್ಚು ಕಾಡುವುದು ಮೊದಲ ಲಕ್ಷಣಗಳು ಕಂಡು ಇನ್ನೂ ಖಚಿತವಾಗದ ಆ ನಡುವಿನ ಕಾಲದಲ್ಲಿ. ಆಗ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಆರೋಗ್ಯ ಇಲಾಖೆಗೆ ನಮ್ಮ ಕೋರಿಕೆ ದೊಡ್ಡದೇನಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೇಸ್ ಶೀಟಿನಲ್ಲಿ ಮೂರು ತಲೆಮಾರಿನ ವಂಶವೃಕ್ಷಕ್ಕೆ ಅರ್ಧ ಪುಟ ಬಿಡಲಿ. 40 ದಾಟದವರಲ್ಲಿ ಮನೋರೋಗದ ಜೊತೆ ನಡುಕವೋ ತೊದಲೋ ಕಂಡರೆ ಅದೇ ವಾರ ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಸ್ಲಿಟ್ ಲ್ಯಾಂಪ್ ಪರೀಕ್ಷೆ, ಜೊತೆಗೊಂದು ಸೆರುಲೊಪ್ಲಾಸ್ಮಿನ್ ಉಚಿತವಾಗಿ ಆಗುವಂತೆ ಸುತ್ತೋಲೆ ಹೊರಡಿಸಲಿ.

— ನರರೋಗ ಹಾಗೂ ಮನೋರೋಗ ವಿಭಾಗದ ಇಬ್ಬರು ವೈದ್ಯರು, ಮೈಸೂರು