ಮಗಳಿಗೊಂದು ಪತ್ರ: ಫೀ ತುಂಬುವ ಮೊದಲು ಎಮ್ಮೆಯ ಮುಂದೆ ಅರ್ಧ ತಾಸು ಕೂಡು

ಧಾರವಾಡ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ನೀನು ಕಳಿಸಿದ ಮೂರೂ ಕೋರ್ಸುಗಳ ಮಾಹಿತಿ ಓದಿದೆ. ಮೂರರ ಮೇಲೂ ನಾಯಿಮರಿಯ ಚಿತ್ರ, ಮೂರರಲ್ಲೂ ‘ಪ್ರಾಣಿ ವರ್ತನೆ ಮತ್ತು ಆರೈಕೆಯಲ್ಲಿ ಡಿಪ್ಲೊಮಾ’ ಎಂಬ ದಪ್ಪ ಅಕ್ಷರ. ಹುಬ್ಬಳ್ಳಿಯ ನೌಕರಿ ಬಿಡದೆ ಮನೆಯಲ್ಲೇ ಓದುವ ನಿನ್ನ ವಿಚಾರ ಚಲೋ ಇದೆ. ಆದರೆ ಸರ್ಟಿಫಿಕೇಟಿನ ಹೆಸರು ನೋಡಿ ಆರಿಸಬೇಡವ್ವಾ. ಕೋರ್ಸು ನಿನ್ನ ಕೈಯಿಂದ ಏನು ಮಾಡಿಸುತ್ತದೆ, ಮಾಡಿದ್ದನ್ನು ಯಾರು ತಿದ್ದುತ್ತಾರೆ ಅನ್ನುವುದನ್ನು ನೋಡು.

ಮೊದಲು ಒಂದು ಗಡಿ ಗೊತ್ತಿರಲಿ. ಪ್ರಾಣಿಗೆ ಚಿಕಿತ್ಸೆ ಮಾಡುವ ಅಧಿಕಾರ ಯಾವ ಮನೆಪಾಠದಿಂದಲೂ ಸಿಗುವುದಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಅದು ನೋಂದಾಯಿತ ಪಶುವೈದ್ಯರ ಕೆಲಸ. ಅದಕ್ಕೆ ಬಿವಿಎಸ್‌ಸಿ ಪದವಿ ಬೇಕು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಕಾಲೇಜಿಗೆ ಹೋಗಿಯೇ ಓದಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು ಗದಗದಲ್ಲೂ ಇದೆ. ‘ಆರು ತಿಂಗಳು ಓದಿದರೆ ಇಂಜೆಕ್ಷನ್ ಕೊಡಬಹುದು’ ಎಂದು ಫೋನಿನಲ್ಲಿ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸು. ಈ ಓದು ಉಪಯೋಗಕ್ಕೆ ಬರುವುದು ನಾಯಿ ತರಬೇತಿಗೆ, ಪ್ರಾಣಿಗಳ ಆಶ್ರಯಧಾಮಕ್ಕೆ, ಊರಿಗೆ ಹೋದವರ ನಾಯಿ ಬೆಕ್ಕು ನೋಡಿಕೊಳ್ಳುವ ಬೋರ್ಡಿಂಗಿಗೆ, ಡೇರಿ ಫಾರ್ಮಿಗೆ. ಅಲ್ಲೆಲ್ಲ ನಿನ್ನ ಕಾಗದಕ್ಕಿಂತ ನಿನ್ನ ಕಣ್ಣು ಕೈಗಳನ್ನೇ ನೋಡುತ್ತಾರೆ.

ಬ್ರಿಟನ್ನಿನ ಕೋರ್ಸಿನ ಮೇಲೆ ‘ಲೆವೆಲ್ 3’ ಎಂದಿದೆಯಲ್ಲ, ಅದು ಹೆಚ್ಚುಕಡಿಮೆ ನಮ್ಮ ಪಿಯುಸಿ ಮಟ್ಟ, ಪದವಿಯಲ್ಲ. ಅಲ್ಲಿನ ಅರ್ಹತೆಗಳಿಗೆ ಆಫ್‌ಕ್ವಾಲ್ ಎಂಬ ನಿಯಂತ್ರಕ ಸಂಸ್ಥೆಯ ಪಟ್ಟಿ ಇದೆ. ಕೋರ್ಸಿನವರಿಂದ ಅರ್ಹತೆಯ ಸಂಖ್ಯೆ ಕೇಳಿ ತೆಗೆದುಕೊಂಡು ಆ ಪಟ್ಟಿಯಲ್ಲಿ ಹುಡುಕು. ಸಂಖ್ಯೆ ಕೊಡದೆ ‘ಸಿಪಿಡಿ ಮಾನ್ಯತೆ ಇದೆ’ ಅಂದರೆ, ವೃತ್ತಿಯಲ್ಲಿರುವವರ ಮುಂದುವರಿದ ಕಲಿಕೆಗೆ ಲೆಕ್ಕಕ್ಕೆ ಬರುತ್ತದೆ ಎಂದಷ್ಟೇ ಅರ್ಥ. ನಮ್ಮ ದೇಶದ ವಿಶ್ವವಿದ್ಯಾಲಯದ ಹೆಸರಿದ್ದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿ ನೋಡು. ಮಾನ್ಯತೆ ಇಲ್ಲದ ಕೋರ್ಸಿನಲ್ಲೂ ಒಳ್ಳೆಯ ಪಾಠ ಇರಬಹುದು, ಆದರೆ ಆಗ ಕೊಡುವ ಹಣ ಪಾಠಕ್ಕಷ್ಟೇ ಎಂದು ತಿಳಿದು ಕೊಡು.

ಇನ್ನು ಪಠ್ಯ. ಬರೆದವರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಎಂಬುದು ಎರಡು ಜಾಗದಲ್ಲಿ ತಿಳಿಯುತ್ತದೆ. ಮೊದಲನೆಯದು ಋಣಾತ್ಮಕ ಪುನರ್ಬಲನ. ಅದನ್ನು ‘ಶಿಕ್ಷೆ’ ಎಂದು ಬರೆದಿದ್ದರೆ ಆ ಪುಸ್ತಕ ಮುಚ್ಚಿಡು. ಎತ್ತಿನ ಮೂಗುದಾರ ನೆನಪಿಸಿಕೊ. ಹಗ್ಗ ಬಿಗಿಯಾಗುತ್ತದೆ, ಎತ್ತು ತಿರುಗುತ್ತದೆ, ಹಗ್ಗ ಸಡಿಲವಾಗುತ್ತದೆ. ಎತ್ತು ಕಲಿಯುವುದು ಆ ಸಡಿಲದಿಂದ. ಒತ್ತಡ ಹೋಗುವುದರಿಂದ ತಿರುಗುವ ವರ್ತನೆ ಹೆಚ್ಚುತ್ತದೆ, ಅದೇ ಋಣಾತ್ಮಕ ಪುನರ್ಬಲನ. ಶಿಕ್ಷೆಯಲ್ಲಿ ವರ್ತನೆ ಕಡಿಮೆಯಾಗುತ್ತದೆ. ಎತ್ತು ತಿರುಗಿದ ಮೇಲೂ ಹಗ್ಗ ಜಗ್ಗುತ್ತಲೇ ಇದ್ದರೆ ತಿರುಗಿದ್ದಕ್ಕೇ ಶಿಕ್ಷೆ ಆದಂತೆ. ಎತ್ತು ಮೊಂಡು ಬೀಳುವುದು ಬಹಳ ಸಲ ಹೀಗೆ.

ಎರಡನೆಯದು ‘ಆಲ್ಫಾ’. ನಾಯಿಗೆ ನೀನೇ ಹಿಂಡಿನ ಯಜಮಾನಿ ಎಂದು ತೋರಿಸು, ಅದಕ್ಕಿಂತ ಮೊದಲು ಉಣ್ಣು, ನೆಲಕ್ಕೆ ಕೆಡವಿ ಹಿಡಿ ಎಂದು ಬರೆದಿದ್ದರೆ ಬೇಡವೇ ಬೇಡ. ಆ ವಿಚಾರ ಹುಟ್ಟಿದ್ದು ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿದ್ದರಿಂದ. ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರ. 1970ರಲ್ಲಿ ತಮ್ಮ ಪುಸ್ತಕದಲ್ಲಿ ಆ ಪದ ಬಳಸಿದ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿ ಬರೆದರು. ಇಷ್ಟು ವರ್ಷ ಕಳೆದರೂ ಅದನ್ನೇ ಮಾರುವ ಕೋರ್ಸು ನಿನ್ನನ್ನು ಕಚ್ಚಿಸುತ್ತದೆ. ಹೆದರಿದ ನಾಯಿ ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತದೆ, ಆಮೇಲೆ ಗುರ್ರೆನ್ನುತ್ತದೆ. ಗುರ್ರೆಂದದ್ದಕ್ಕೆ ಹೊಡೆದರೆ ಮುಂದಿನ ಸಲ ಗುರ್ರೆನ್ನದೆ ಬಾಯಿ ಹಾಕಬಹುದು.

ಆರೈಕೆಯ ಪಾಠ ವರ್ತನೆಯ ಪಾಠಕ್ಕೆ ಅಂಟಿಕೊಂಡಿರಬೇಕು. ಎಮ್ಮೆಯ ಕೆಚ್ಚಲನ್ನು ಕರು ಚೀಪಿದಾಗ, ಕೈಯಿಂದ ತಿಕ್ಕಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಎಮ್ಮೆ ತೊರೆ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ದಿನಾಲೂ ಅದೇ ಹೊತ್ತಿಗೆ, ಅದೇ ಬಕೆಟ್ಟಿನ ಸಪ್ಪಳದ ಬೆನ್ನಿಗೆ ಹಿಂಡಿದರೆ ಬರಬರುತ್ತ ಸಪ್ಪಳಕ್ಕೇ ತೊರೆ ಬಿಡುವುದೂ ಉಂಟು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ್ದು ಇಂಥದ್ದನ್ನೇ, ಊಟದ ಸೂಚನೆಗೇ ಅವು ಜೊಲ್ಲು ಸುರಿಸುತ್ತಿದ್ದವು. ಆಕ್ಸಿಟೋಸಿನ್ನಿನ ಪರಿಣಾಮ ಕೆಲವೇ ನಿಮಿಷ ಇರುತ್ತದೆ. ಅಷ್ಟರಲ್ಲಿ ಹಿಂಡಿ ಮುಗಿಸಬೇಕು. ಬಡಿದು ಹೆದರಿಸಿದರೆ ಹೆದರಿಕೆಯ ಹಾರ್ಮೋನು ಅಡ್ರಿನಲಿನ್ ಅಡ್ಡ ಬರುತ್ತದೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ದನಗಳ ಪಾಠ ಇರುವ ಕೋರ್ಸಿನಲ್ಲಿ ಹತ್ತಿರ ಹೋಗುವ ರೀತಿಯೂ ಚಿತ್ರ ಸಮೇತ ಇರಲಿ. ಬೆನ್ನ ಹಿಂದೆ ನೇರವಾಗಿ ದನಕ್ಕೆ ಕಾಣುವುದಿಲ್ಲ, ಒದೆ ಬೀಳುವುದು ಅಲ್ಲಿ. ಹೆಗಲಿನ ಹಿಂದೆ ನಿಂತು ಒಂದು ಹೆಜ್ಜೆ ಹತ್ತಿರ ಹೋದರೆ ದನ ಮುಂದೆ ನಡೆಯುತ್ತದೆ, ಹೆಗಲಿನ ಮುಂದೆ ಹೋದರೆ ಹಿಂದೆ ಸರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಭ್ಯಾಸದ ಕೆಲಸ. ಮೂವರಿಗೂ ಒಂದೇ ಪತ್ರ ಬರೆ: ಒಂದು ಮಾದರಿ ಅಸೈನ್‌ಮೆಂಟ್ ಕೊಡಿ, ಹೆಸರು ಮುಚ್ಚಿ ಯಾರದಾದರೂ ತಿದ್ದಿದ ಉತ್ತರವನ್ನೂ ಕೊಡಿ. ಬರೀ ಸರಿ-ತಪ್ಪು ಗುರುತಿನ ಪ್ರಶ್ನೆಗಳೇ ಬಂದರೆ ಅಲ್ಲಿ ಶಿಕ್ಷಕರೇ ಇಲ್ಲ ಎಂದು ತಿಳಿ. ನಿಜವಾದ ಕೋರ್ಸು ನಿನ್ನನ್ನು ಪ್ರಾಣಿಯ ಮುಂದೆ ಕೂಡಿಸುತ್ತದೆ. ನೋಡಿ ಬರೆಯುವ ವಿಧಾನಗಳನ್ನು ಪ್ರಾಣಿ ವರ್ತನೆಯ ವಿಜ್ಞಾನಿ ಜೀನ್ ಆಲ್ಟ್‌ಮನ್ 1974ರಲ್ಲಿ ಒಂದು ಲೇಖನದಲ್ಲಿ ಹೊಂದಿಸಿಕೊಟ್ಟರು, ಇಂದಿಗೂ ಅದೇ ಬುನಾದಿ. ಅದನ್ನು ನೀನು ಈಗಲೇ ಮಾಡಿ ನೋಡಬಹುದು.

ರವಿವಾರ ಮನೆಗೆ ಬಂದಾಗ ಗೌಳಿಗರನ್ನು ಕೇಳಿ ಅವರ ಒಂದು ಧಾರವಾಡಿ ಎಮ್ಮೆಯನ್ನು ಆರಿಸಿಕೊ. ಅದು ನಿನ್ನ ಕಡೆ ತಲೆ ಎತ್ತದಷ್ಟು ದೂರ ಕೂಡು. ಮೊದಲ ಹತ್ತು ನಿಮಿಷ ಏನೂ ಬರೆಯಬೇಡ, ನಿನಗೆ ಅದು ಹೊಂದಿಕೊಳ್ಳಲಿ. ಹಾಳೆಯ ಮೇಲೆ ಮನೆಗಳನ್ನು ಎಳೆ: ಮೇವು ತಿನ್ನುವುದು, ನಿಂತು ಮೆಲುಕು, ಮಲಗಿ ಮೆಲುಕು, ಸುಮ್ಮನೆ ನಿಂತದ್ದು, ಸುಮ್ಮನೆ ಮಲಗಿದ್ದು, ಮೈ ನೆಕ್ಕುವುದು, ಇತರೆ, ಕಾಣುತ್ತಿಲ್ಲ. ಒಂದು ಕ್ಷಣಕ್ಕೆ ಒಂದೇ ಮನೆ ಹೊಂದಬೇಕು, ಯಾವ ಕ್ಷಣವೂ ಮನೆಯಿಲ್ಲದೆ ಉಳಿಯಬಾರದು. ಫೋನು ನಿಮಿಷಕ್ಕೊಮ್ಮೆ ಸದ್ದು ಮಾಡಲಿ. ಸದ್ದಾದ ಆ ಕ್ಷಣ ಕಂಡದ್ದನ್ನಷ್ಟೇ ಗುರುತಿಸು, ಹಿಂದೆ ಮುಂದೆ ಆದದ್ದು ಬೇಡ. ಅರ್ಧ ತಾಸಿಗೆ 30 ಗುರುತು. ಅದರಲ್ಲಿ 12 ‘ಮಲಗಿ ಮೆಲುಕು’ ಆದರೆ ಶೇ 40.

ಇಲ್ಲಿ ತಪ್ಪುವುದು ಹೀಗೆ. ಹೊಸಬರು ‘ಸಿಟ್ಟಾಯಿತು’ ಎಂದು ಬರೆಯುತ್ತಾರೆ. ಕಂಡದ್ದು ಕಿವಿ ಹಿಂದೆ, ತಲೆ ಕೆಳಗೆ. ಕಂಡದ್ದನ್ನು ಬರೆ, ಅರ್ಥ ಆಮೇಲೆ. ಹಾಯುವುದು, ಬಾಲ ಬೀಸುವುದು ಕ್ಷಣದಲ್ಲಿ ಮುಗಿಯುತ್ತವೆ, ನಿಮಿಷದ ಗುರುತಿಗೆ ಸಿಗುವುದೇ ಇಲ್ಲ. ಅವುಗಳನ್ನು ಪಕ್ಕದಲ್ಲಿ ಬೇರೆ ಗೆರೆ ಹಾಕಿ ಆದಷ್ಟೂ ಸಲ ಎಣಿಸು. ಮಧ್ಯಾಹ್ನ ಮಾತ್ರ ನೋಡಿ ದಿನದ ಲೆಕ್ಕ ಹೇಳಬೇಡ. ದನ ದಿನಕ್ಕೆ ಆರೆಂಟು ತಾಸು ಮೆಲುಕು ಹಾಕುತ್ತದೆ, ಅದರಲ್ಲಿ ಬಹುಪಾಲು ರಾತ್ರಿ. ಒಂದು ದಿನ ಗೆಳತಿಯನ್ನು ಕರೆದುಕೊಂಡು ಹೋಗು. ಒಂದೇ ಎಮ್ಮೆಯನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. 30ರಲ್ಲಿ 27 ಕೂಡಿದರೆ ಶೇ 90, ಚಲೋ. ಶೇ 80ಕ್ಕಿಂತ ಇಳಿದರೆ ಮನೆಗಳ ವಿವರಣೆ ಸಡಿಲವಾಗಿದೆ, ತಿದ್ದಿ ಬರೆ.

ಹಿಂಡಿಗೆ ಬೇರೆ ವಿಧಾನ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹತ್ತು ನಿಮಿಷಕ್ಕೊಮ್ಮೆ ಎಡದಿಂದ ಬಲಕ್ಕೆ ಒಂದೇ ಸುತ್ತು ಕಣ್ಣು ಹಾಯಿಸಿ, ಎಷ್ಟು ಮೇಯುತ್ತಿವೆ, ಎಷ್ಟು ತಲೆ ಎತ್ತಿ ನೋಡುತ್ತಿವೆ ಎಂದು ಎಣಿಸು. ಕಾದಾಡುವ ಗಂಡಿನ ಮೇಲೆ ಕಣ್ಣು ನಿಂತರೆ ಲೆಕ್ಕ ಕೆಟ್ಟಿತು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳೂ ಇದಕ್ಕೆ ಒಳ್ಳೆಯ ಪಾಠ.

ನಾಯಿಗಳ ಜೊತೆ ಕೆಲಸ ಮಾಡುವ ಮೊದಲು ರೇಬಿಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊ: 0, 7 ಮತ್ತು 21 ಅಥವಾ 28ನೆಯ ದಿನ, ಮೂರು ಡೋಸ್. ಇಷ್ಟಾದ ಮೇಲೂ ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಮೊದಲು ಹಾಕಿಸಿಕೊಂಡವರಿಗೂ 0 ಮತ್ತು 3ನೆಯ ದಿನ ಮತ್ತೆ ಡೋಸ್ ಬೇಕು. ರೇಬಿಸ್ ಇಲ್ಲದ ದೇಶದಲ್ಲಿ ಬರೆದ ಕೋರ್ಸಿನಲ್ಲಿ ಇದಕ್ಕೆ ಒಂದು ಸಾಲೂ ಇರಲಿಕ್ಕಿಲ್ಲ. ಬೀದಿನಾಯಿಗಳ ಬಗ್ಗೆ ನಮ್ಮ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನೂ ಅವರು ಕಲಿಸುವುದಿಲ್ಲ, ಅದನ್ನು ನೀನೇ ಓದಿಕೊ.

ಸಮಯದ ಲೆಕ್ಕ ಹೀಗೆ ಹಾಕು. 150 ತಾಸಿನ ಕೋರ್ಸಿಗೆ ವಾರಕ್ಕೆ 6 ತಾಸು ಸಿಕ್ಕರೆ 25 ವಾರ. ನಿನ್ನ ನೌಕರಿಯಲ್ಲಿ ವಾರಕ್ಕೆ 4 ತಾಸು ಸಿಕ್ಕೀತು, ಅಂದರೆ 38 ವಾರ. ಅವಧಿ ಮೀರಿದರೆ ಮತ್ತೆ ಹಣ ಕೇಳುತ್ತಾರೆಯೇ, ತಿದ್ದಿದ ಉತ್ತರ ಎಷ್ಟು ದಿನಕ್ಕೆ ಬರುತ್ತದೆ, ನಡುವೆ ಬಿಟ್ಟರೆ ಎಷ್ಟು ವಾಪಸು, ಇವನ್ನು ಬರಹದಲ್ಲೇ ತರಿಸಿಕೊ. ಫೋನಿನ ಮಾತು ಬೇಡ. ಅಲ್ಲಿಯವರೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಣಿ ವರ್ತನೆ ಮತ್ತು ಕಲ್ಯಾಣದ ಐದು ವಾರದ ಪಾಠ ಕೋರ್ಸೆರಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿದೆ, ಅದನ್ನು ನೋಡು. ನೌಕರಿ ಮುಗಿಸಿ ಬಂದ ರಾತ್ರಿ ಇಂಗ್ಲಿಷಿನಲ್ಲಿ ಓದಿದ್ದು ತಲೆಗೆ ಹತ್ತುತ್ತದೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತದೆ.

ಐದು ಹಾಳೆ ತುಂಬಿದ ಮೇಲೆ ನನಗೆ ಕೊಡು, ಕೂತು ನೋಡೋಣ. ಫೀ ಮೊದಲ ಕಂತು ಆಮೇಲೆ ತುಂಬೋಣ. ಎಮ್ಮೆ ಕಟ್ಟಿದವರಿಗೆ ಮೊದಲೇ ಹೇಳಿ ಹೋಗು, ಹಿಂಡುವ ಹೊತ್ತಿಗೆ ಬೇಡ.

ನಿನ್ನ ಅವ್ವ